ಕಾಣದ ಕಿರಣವನ್ನು ಕಂಡವನು

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ ರೈಲು ಸಂಚಾರ ಆರಂಭವಾದದ್ದು 1894ರಲ್ಲಿ. ಗಣಿಗಳಲ್ಲಿ ಸಾವಿರಾರು ಮಂದಿ ಭೂಗರ್ಭಕ್ಕಿಳಿದು ಬಂಡೆ ಕೊರೆಯುತ್ತಿದ್ದರು. ನುಣ್ಣನೆಯ ಸಿಲಿಕಾ ಧೂಳು ಉಸಿರಿನೊಡನೆ ಅವರ ಶ್ವಾಸಕೋಶವನ್ನು ಸೇರುತ್ತಿತ್ತು. ಇದರಿಂದುಂಟಾಗುವ ಸಿಲಿಕೋಸಿಸ್ ರೋಗವು ದೃಢಕಾಯನಂತೆ ತೋರುವವನ ಎದೆಯಲ್ಲಿಯೂ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಲ್ಲದು. ಎದೆಯನ್ನು ಸೀಳದೆ ಅದನ್ನು ಕಾಣುವ ಬಗೆಯೆಂತು? ರೈಲು ಬಂದ ಮರುವರ್ಷವೇ ದೂರದ ಜರ್ಮನಿಯಲ್ಲಿ ಇದಕ್ಕೆ ಉಪಾಯವೊಂದು ದೊರೆಯಿತು. ದೊರಕಿಸಿಕೊಟ್ಟವನು ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜನ್.

ರಾಂಟ್ಜನ್ 1845ರ ಮಾರ್ಚ್ 27ರಂದು ಲೆನ್ನೆಪ್ ಎಂಬ ಊರಿನಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಬಾಲ್ಯ ಕಳೆದದ್ದು ಹಾಲೆಂಡಿನಲ್ಲಿ. ಅಧ್ಯಾಪಕರ ವ್ಯಂಗ್ಯಚಿತ್ರ ಬರೆದ ಸಹಪಾಠಿಯ ಹೆಸರನ್ನು ಹೇಳಲೊಪ್ಪದೆ ಶಾಲೆಯಿಂದಲೇ ಹೊರಬೀಳಬೇಕಾಯಿತು. ಎದೆಗುಂದದ ಆತನು ಜ್ಯೂರಿಕ್ಕಿನಲ್ಲಿ ಓದಿ 1869ರಲ್ಲಿ ಡಾಕ್ಟರೇಟ್ ಪಡೆದನು. 1888ರಲ್ಲಿ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದನು.

1895ರ ನವೆಂಬರ್ 8ರಂದು, ಗಾಳಿಯನ್ನು ಬಹುಮಟ್ಟಿಗೆ ಹೊರತೆಗೆದ ಗಾಜಿನ ಕೊಳವೆಗೆ ಕಪ್ಪು ರಟ್ಟು ಹೊದಿಸಿ, ಕತ್ತಲ ಕೋಣೆಯಲ್ಲಿ ಅದರೊಳಗೆ ವಿದ್ಯುತ್ತನ್ನು ಹರಿಸಿದನು. ತುಸು ದೂರದಲ್ಲಿದ್ದ, ರಾಸಾಯನಿಕ ಬಳಿದ ತೆರೆಯೊಂದು ಮಿನುಗಿತು! ರಟ್ಟನ್ನು ಹಾಯ್ದು ಬಂದ ಆ ಅಜ್ಞಾತ ಕಿರಣಕ್ಕೆ ಎಕ್ಸ್ ಎಂದು ಹೆಸರಿಟ್ಟನು. ನಾವು ಅದನ್ನು ಕ್ಷ-ಕಿರಣವೆನ್ನುತ್ತೇವೆ. ಡಿಸೆಂಬರ್ 22ರಂದು ಪತ್ನಿ ಬರ್ಥಾಳ ಕೈಯನ್ನು ಛಾಯಾಫಲಕದ ಮೇಲಿರಿಸಿ ಕಿರಣ ಹಾಯಿಸಲು, ಬೆರಳಿನ ಮೂಳೆಗಳೂ ಉಂಗುರವೂ ಮೂಡಿದವು. ಮಾಂಸವು ಕಿರಣಕ್ಕೆ ದಾರಿ ಕೊಡುತ್ತದೆ. ಸುಣ್ಣದ ಅಂಶವುಳ್ಳ ಮೂಳೆ ಬಹುಪಾಲನ್ನು ತಡೆಯುತ್ತದೆ. ಕಿರಣ ತಾಗಿದೆಡೆ ಫಲಕ ಕಪ್ಪಾಗುತ್ತದೆ, ತಾಗದೆಡೆ ಬೆಳ್ಳಗುಳಿಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿಯೂ, ಧೂಳಿನಿಂದ ಅಲ್ಲಿ ಗಂಟುಕಟ್ಟಿದ ಭಾಗ ಬಿಳಿಯ ಚುಕ್ಕೆಗಳಾಗಿಯೂ ಕಾಣುವುದು ಈ ಕಾರಣದಿಂದಲೇ.

ರಾಂಟ್ಜನ್ ತನ್ನ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಬಂದಾಗ, ಅದರ ಹಣವನ್ನು ತಾನು ಹಿಂದೆ ಸೇವೆ ಸಲ್ಲಿಸಿದ್ದ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟನು. ಮಹಾಯುದ್ಧಾನಂತರದ ಹಣದುಬ್ಬರದಲ್ಲಿ ಆತನ ಸಂಪತ್ತಿನ ಬಹುಪಾಲು ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್ಕಿನಲ್ಲಿ ನಿಧನನಾದನು.

1940ರ ದಶಕದಲ್ಲಿ ಕೋಲಾರದ ಗಣಿಗಳ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ 3,000ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಈ ರೋಗ ಗುಣವಾಗುವಂಥದಲ್ಲ. ಆದರೆ ಮೊದಲೇ ತಿಳಿದರೆ ರೋಗಿಯನ್ನು ಧೂಳಿನಿಂದ ದೂರವಿಡಬಹುದು. ದುಡಿಮೆಯೇ ಆತನ ಆರೋಗ್ಯವನ್ನು ಕಸಿಯಿತೆಂಬುದಕ್ಕೆ ಆ ಚಿತ್ರ ಸಾಕ್ಷಿಯಾಗಬಲ್ಲದು. 2001ರಲ್ಲಿ ಗಣಿಗಳು ಮುಚ್ಚಿದವು. ಅಲ್ಲಿ ಅಗೆದು ತೆಗೆದ ಚಿನ್ನ ಅದನ್ನು ತೆಗೆದವರದಾಗಲಿಲ್ಲ; ರಾಂಟ್ಜನ್ ತನ್ನದೆಂದು ಹಿಡಿದಿಟ್ಟುಕೊಳ್ಳದ ಕಿರಣ ಮಾತ್ರ ಎಲ್ಲರದಾಯಿತು.