ಜಿ. ಟಿ. ನಾರಾಯಣ ರಾವ್

ಜಿ. ಟಿ. ನಾರಾಯಣ ರಾವ್ (ಜನವರಿ 30, 1926 – ಜೂನ್ 27, 2008) ಕನ್ನಡದ ಪ್ರಮುಖ ವಿಜ್ಞಾನ ಲೇಖಕರಲ್ಲೊಬ್ಬರು. ಓದುಗರ ವಲಯದಲ್ಲಿ ಜಿಟಿಎನ್ ಎಂದೇ ಪರಿಚಿತರಾಗಿದ್ದ ಅವರು, ದೂರದರ್ಶಕವಿಲ್ಲದ ಸಾಮಾನ್ಯರನ್ನೂ ಆಕಾಶವೀಕ್ಷಣೆಯ ಕಡೆಗೆ ಸೆಳೆದರು.

ಜೀವನ

ಕೊಡಗಿನ ಮಡಿಕೇರಿಯಲ್ಲಿ ಜನಿಸಿದ ಅವರು ಮದರಾಸು ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಎಂ.ಎ. ಪದವಿ ಪಡೆದರು. ಮಂಗಳೂರು, ಮಡಿಕೇರಿ, ಬೆಂಗಳೂರುಗಳಲ್ಲಿ ಗಣಿತ ಬೋಧಿಸಿದರು; ಎನ್‌ಸಿಸಿ ಅಧಿಕಾರಿಯೂ ಆಗಿದ್ದರು. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶವನ್ನು ಸೇರಿ ಅದರ ವಿಜ್ಞಾನ ವಿಭಾಗದ ಸಂಪಾದಕರಾಗಿ ದುಡಿದರು.

ಆಕಾಶವೀಕ್ಷಣೆ

ಅವರ 'ನಕ್ಷತ್ರ ವೀಕ್ಷಣೆ' ಹವ್ಯಾಸಿಗಳಿಗಾಗಿ ಬರೆದ ಕೃತಿ. ಬರಿಗಣ್ಣಿನ ವೀಕ್ಷಣೆಗೆ ಬೇಕಾದದ್ದು ಕತ್ತಲೆ, ತಾಳ್ಮೆ ಮತ್ತು ಒಂದು ಗುರುತಿನಿಂದ ಇನ್ನೊಂದಕ್ಕೆ ಸಾಗುವ ಕ್ರಮ. ಜನವರಿಯ ಸಂಜೆ ಮಹಾವ್ಯಾಧನ ನಡುವಿನ ಮೂರು ನಕ್ಷತ್ರಗಳ ಸಾಲನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ ಸಿಗುತ್ತದೆ, ವಿರುದ್ಧ ದಿಕ್ಕಿಗೆ ಎಳೆದರೆ ರೋಹಿಣಿ. ಮಳೆಗಾಲದಲ್ಲಿ ಕೊಡಗಿನ ಬಾನು ಮೋಡಗಳ ಪಾಲು. ಚಳಿಗಾಲ ಬಂದರೆ ಈ ಕೊರತೆ ನೀಗುತ್ತದೆ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಆದ್ದರಿಂದ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ, ಗುಡ್ಡ ಅಡ್ಡವಿದ್ದರೆ ಕಾಣುವುದೇ ಇಲ್ಲ. ಆದರೆ ಯೂರೋಪಿನ ಬಹುಭಾಗಕ್ಕೆ ದಕ್ಕದ ಅಗಸ್ತ್ಯ ಇಲ್ಲಿ ದಕ್ಷಿಣದಲ್ಲಿ ಸುಮಾರು 25 ಡಿಗ್ರಿ ಮೇಲೇರುತ್ತದೆ. ಪರದೇಶದ ನಕ್ಷೆಗಳನ್ನು ಹಾಗೆಯೇ ಅನುವಾದಿಸಿದರೆ ಸಾಲದು, ಇಲ್ಲಿನ ಬಾನಿಗೆ ಇಲ್ಲಿಯದೇ ಕೈಪಿಡಿ ಬೇಕು ಎಂಬುದಕ್ಕೆ ಇದು ಸಾಕಷ್ಟು ಕಾರಣ.

ಅಶ್ವಿನಿ, ಭರಣಿ ಮೊದಲಾದ ಹೆಸರುಗಳನ್ನು ಹೆಚ್ಚಿನವರು ಪಂಚಾಂಗದಲ್ಲಿ ಓದಿರುತ್ತಾರೆಯೇ ಹೊರತು ಬಾನಿನಲ್ಲಿ ಗುರುತಿಸಿರುವುದಿಲ್ಲ. ನಾರಾಯಣ ರಾವ್ ಫಲಜ್ಯೋತಿಷವನ್ನು ಕಟುವಾಗಿ ವಿರೋಧಿಸಿದರು. ಇದರಿಂದ ಅವರಿಗೆ ವಿರೋಧಿಗಳೂ ಇದ್ದರು. ಭೂಮಿಯ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಓಲಾಡುವುದರಿಂದ, ಉತ್ತರಾಯಣದ ನಿಜವಾದ ಆರಂಭ ಈಗ ಡಿಸೆಂಬರ್ 21–22ಕ್ಕೆ ಬಿದ್ದರೂ ಮಕರ ಸಂಕ್ರಾಂತಿ ಜನವರಿ 14ರ ಸುಮಾರಿಗೆ ಬರುತ್ತದೆ. ಇಂಥ ಸಂಗತಿ ವೀಕ್ಷಕನಿಗೆ ಸಹಜ. ಪಂಚಾಂಗವನ್ನಷ್ಟೇ ನಂಬಿದವನಿಗೆ ಕಸಿವಿಸಿ.

ಇತರ ಬರಹಗಳು

'ವೈಜ್ಞಾನಿಕ ಮನೋಧರ್ಮ', 'ಕೃಷ್ಣವಿವರಗಳು', ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರ ಜೀವನಚರಿತ್ರೆ ಅವರ ಇತರ ಕೃತಿಗಳಲ್ಲಿ ಕೆಲವು. ಕರ್ನಾಟಕ ಸಂಗೀತದ ಬಗೆಗೂ ಬರೆದರು. 'ಮುಗಿಯದ ಪಯಣ' ಅವರ ಆತ್ಮಕಥೆ. 2008ರ ಜೂನ್ 27ರಂದು ನಿಧನರಾದರು.