ತೀರ್ಪಿನ ಮುಂದಿನ ಅಂಕ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಳವಿನ ಮೊಕದ್ದಮೆಯಲ್ಲಿ ನಾನು ಸಾಕ್ಷಿ ಹೇಳಬೇಕಾಗಿ ಬಂದಿತು. ಕಂಡದ್ದನ್ನು ಕಂಡ ಹಾಗೆಯೇ ಹೇಳಿದೆ. ಆರೋಪಿ ಇಪ್ಪತ್ತು ದಾಟಿದ ಹುಡುಗ. ಅವನಿಗೆ ಶಿಕ್ಷೆಯಾಯಿತೆಂದು ಆಮೇಲೆ ತಿಳಿಯಿತು. ನನ್ನ ಕರ್ತವ್ಯ ಮುಗಿಯಿತೆಂದುಕೊಂಡು ಮರುದಿನ ಎಂದಿನಂತೆ ಪಾಠಕ್ಕೆ ಹೋದೆ. ಆ ಹುಡುಗನ ಗತಿ ಏನಾಯಿತೆಂದು ವಿಚಾರಿಸಬೇಕೆಂದು ನನಗೆ ಅಂದು ತೋರಲಿಲ್ಲ. ತೋರಿದ್ದು ಬಹುಕಾಲದ ಮೇಲೆ, ವಿದ್ಯಾರ್ಥಿದೆಸೆಯಲ್ಲಿ ಓದಿದ್ದ ಜಾನ್ ಗಾಲ್ಸ್‌ವರ್ದಿಯ ‘ಜಸ್ಟಿಸ್’ ನಾಟಕವನ್ನು ಮತ್ತೊಮ್ಮೆ ಕೈಗೆತ್ತಿಕೊಂಡಾಗ. ಆ ನಾಟಕಕಾರನ ಬಾಳನ್ನು ಕುರಿತು ನಾಲ್ಕು ಮಾತು ಬರೆಯಲು ಅದೇ ಪ್ರೇರಣೆ.

ಗಾಲ್ಸ್‌ವರ್ದಿ ಹುಟ್ಟಿದ್ದು 1867ರ ಆಗಸ್ಟ್ 14ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತದ ಕಿಂಗ್‌ಸ್ಟನ್ ಹಿಲ್‌ನಲ್ಲಿ. ತಂದೆ ಸಿರಿವಂತ, ವೃತ್ತಿಯಿಂದ ಸಾಲಿಸಿಟರ್. ಹ್ಯಾರೋ ಶಾಲೆ, ಆಕ್ಸ್‌ಫರ್ಡಿನ ನ್ಯೂ ಕಾಲೇಜು, ಅನಂತರ ಲಿಂಕನ್ಸ್ ಇನ್ - ಹೀಗೆ ಶ್ರೀಮಂತರ ಮಕ್ಕಳು ನಡೆಯುತ್ತಿದ್ದ ರಾಜಮಾರ್ಗದಲ್ಲಿಯೇ ನಡೆದು 1890ರಲ್ಲಿ ಆತ ಬ್ಯಾರಿಸ್ಟರನಾದನು. ಆದರೆ ವಕೀಲಿಯಲ್ಲಿ ಮನಸ್ಸು ನಿಲ್ಲಲಿಲ್ಲ. ನೌಕಾನ್ಯಾಯದ ತಿಳಿವಳಿಕೆಗೆಂದು ಹಡಗುಗಳಲ್ಲಿ ದೇಶಾಂತರ ಸಂಚರಿಸಿದನು. 1893ರಲ್ಲಿ ‘ಟಾರೆನ್ಸ್’ ಎಂಬ ಹಡಗಿನಲ್ಲಿ ಅವನಿಗೆ ಗೆಳೆಯನಾದ ಅಧಿಕಾರಿಯೇ ಮುಂದೆ ಕಾದಂಬರಿಕಾರನೆಂದು ಲೋಕಪ್ರಸಿದ್ಧನಾದ ಜೋಸೆಫ್ ಕಾನ್ರಡ್. 1897ರಲ್ಲಿ ಗಾಲ್ಸ್‌ವರ್ದಿಯ ಮೊದಲ ಕಥಾಸಂಕಲನ ಹೊರಬಂದಿತು. ಅದೂ ತನ್ನ ಹೆಸರಿನಲ್ಲಲ್ಲ, ಜಾನ್ ಸಿಂಜಾನ್ ಎಂಬ ಮರೆಹೆಸರಿನಲ್ಲಿ.

ಕಾಯಿದೆಯನ್ನು ಪುಸ್ತಕದಲ್ಲಿ ಓದಿದ್ದ ಇವನು ಅದರ ಭಾರವನ್ನು ಬಾಳಿನಲ್ಲಿ ಹೊತ್ತದ್ದು ಬೇರೆ ರೀತಿಯಲ್ಲಿ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲಿ ಆರ್ಥರ್ ಎಂಬಾತನ ಪತ್ನಿ ಏಡಾ ತನ್ನ ದಾಂಪತ್ಯದಲ್ಲಿ ಸುಖ ಕಾಣದೆ ನೊಂದಿದ್ದಳು. 1895ರಿಂದ ಅವಳಿಗೂ ಗಾಲ್ಸ್‌ವರ್ದಿಗೂ ಅನುರಾಗ ಬೆಳೆಯಿತು. ವೃದ್ಧ ತಂದೆಗೆ ನೋವಾಗಬಾರದೆಂದು ಸುಮಾರು ಒಂಬತ್ತು ವರ್ಷ ಇಬ್ಬರೂ ಅದನ್ನು ಮುಚ್ಚಿಟ್ಟುಕೊಂಡು ಬಾಳಿದರು. 1904ರ ಕೊನೆಗೆ ತಂದೆ ತೀರಿಕೊಂಡ ಮೇಲೆ ವಿಷಯ ಬಯಲಾಗಿ, ಆರ್ಥರನ ವಿಚ್ಛೇದನದ ವ್ಯಾಜ್ಯವೂ ಮುಗಿದು, 1905ರ ಸೆಪ್ಟೆಂಬರಿನಲ್ಲಿ ಅವರ ವಿವಾಹ ನಡೆಯಿತು. ಅಂದಿನ ಆಂಗ್ಲ ಕಾಯಿದೆಯಲ್ಲಿ ಗಂಡನ ಕ್ರೌರ್ಯವೊಂದೇ ಹೆಂಡತಿಗೆ ವಿಚ್ಛೇದನ ಕೊಡಿಸಲು ಸಾಲದಾಗಿತ್ತು. ನಿಯಮ ತಪ್ಪದೆ ನಡೆಯುವ ನ್ಯಾಯವೂ ಮನುಷ್ಯರನ್ನು ಎಷ್ಟು ಕಾಲ ಉಸಿರುಕಟ್ಟಿಸಿ ಇಡಬಲ್ಲುದೆಂಬುದನ್ನು ಆತ ಹೀಗೆ ತನ್ನ ಮನೆಯಂಗಳದಲ್ಲಿಯೇ ಕಂಡುಕೊಂಡನು.

1906 ಅವನ ಬಾಳಿನಲ್ಲಿ ದೊಡ್ಡ ವರ್ಷ. ‘ದಿ ಮ್ಯಾನ್ ಆಫ್ ಪ್ರಾಪರ್ಟಿ’ ಕಾದಂಬರಿ ಪ್ರಕಟವಾಯಿತು. ‘ದಿ ಸಿಲ್ವರ್ ಬಾಕ್ಸ್’ ನಾಟಕ ಲಂಡನ್ನಿನ ಕೋರ್ಟ್ ಥಿಯೇಟರಿನಲ್ಲಿ ರಂಗವನ್ನೇರಿತು. ಪಾರ್ಲಿಮೆಂಟಿನ ಸದಸ್ಯನೊಬ್ಬನ ಮಗ ಕುಡಿದ ಅಮಲಿನಲ್ಲಿ ಒಬ್ಬ ಹೆಂಗಸಿನ ಹಣದ ಚೀಲವನ್ನು ಎಗರಿಸಿ ತರುತ್ತಾನೆ. ಅದೇ ಮನೆಯ ಕೆಲಸದಾಕೆಯ ನಿರುದ್ಯೋಗಿ ಗಂಡ, ಅವನೂ ಕುಡಿದಿದ್ದವನೇ, ಒಂದು ಬೆಳ್ಳಿಯ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗುತ್ತಾನೆ. ಶ್ರೀಮಂತನ ತಪ್ಪು ವಕೀಲನ ಜಾಣ್ಮೆಯಲ್ಲಿ ಮುಚ್ಚಿಹೋಗುತ್ತದೆ, ಬಡವನಿಗೆ ಸೆರೆವಾಸ. ಕಾಯಿದೆ ಒಂದೇ, ಅದರ ಬಾಗಿಲು ತಟ್ಟುವ ಕೈಗಳು ಮಾತ್ರ ಬೇರೆ.

ಇಷ್ಟಕ್ಕೇ ನಿಂತಿದ್ದರೆ ಅವನನ್ನು ಬಡವರ ಪಕ್ಷದ ವಕೀಲನೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆತ ಇನ್ನೂ ಮುಂದೆ ಹೋದನು. 1907ರಲ್ಲಿ ಡಾರ್ಟ್‌ಮೂರ್ ಸೆರೆಮನೆಯನ್ನು ಕಂಡುಬಂದನು. ದೀರ್ಘ ಶಿಕ್ಷೆಯ ಕೈದಿಗಳನ್ನು ಮೊದಲ ಕೆಲವು ತಿಂಗಳು ಒಂಟಿ ಕೋಣೆಯಲ್ಲಿ ಕೂಡಿಡುವ ಪದ್ಧತಿ ಅಂದು ಅಲ್ಲಿತ್ತು. ಈ ಏಕಾಂತವಾಸವು ಆತನ ಮನಸ್ಸನ್ನು ಕಲಕಿತು. ಬೇರೆ ಸೆರೆಮನೆಗಳಿಗೂ ಹೋಗಿ ಕೈದಿಗಳೊಡನೆ ಮಾತನಾಡಿದನು. 1909ರಲ್ಲಿ ಗೃಹಮಂತ್ರಿ ಹರ್ಬರ್ಟ್ ಗ್ಲ್ಯಾಡ್‌ಸ್ಟನ್‌ಗೆ ಬಹಿರಂಗ ಪತ್ರ ಬರೆದನು. ಆ ಪತ್ರದ ವಾದವೇ ಕಲೆಯಾಗಿ ‘ಜಸ್ಟಿಸ್’ ನಾಟಕದಲ್ಲಿ ಮೈದಾಳಿತು.

ಕಥೆ ಸರಳವಾದುದು. ಸಾಲಿಸಿಟರರ ಕಚೇರಿಯ ತರುಣ ಗುಮಾಸ್ತ ಫಾಲ್ಡರ್ ಒಂಬತ್ತು ಪೌಂಡಿನ ಚೆಕ್ಕನ್ನು ತೊಂಬತ್ತಕ್ಕೆ ತಿದ್ದುತ್ತಾನೆ. ಗಂಡನ ಹಿಂಸೆಗೆ ಸಿಕ್ಕಿದ ರೂತ್ ಎಂಬಾಕೆಯನ್ನೂ ಅವಳ ಮಕ್ಕಳನ್ನೂ ದೂರ ಕರೆದೊಯ್ಯಬೇಕೆಂಬುದು ಅವನ ಆಸೆ. ಎರಡನೆಯ ಅಂಕವೆಲ್ಲ ನ್ಯಾಯಸ್ಥಾನವೇ. ಇಲ್ಲಿ ಖಳನಾಯಕನಿಲ್ಲವೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ನ್ಯಾಯಾಧೀಶ ಲಂಚಗುಳಿಯಲ್ಲ; ಆರೋಪಿಯ ವಕೀಲ ಸಮರ್ಥ; ಜ್ಯೂರಿಗಳು ಪ್ರಾಮಾಣಿಕರು; ತಪ್ಪು ನಡೆದಿರುವುದೂ ನಿಜ. ತೀರ್ಪು ಮೂರು ವರ್ಷದ ಕಠಿಣ ಸಜೆ. ನ್ಯಾಯಸ್ಥಾನಕ್ಕೆ ಅಲ್ಲಿಗೆ ನಾಟಕ ಮುಗಿಯಿತು. ಗಾಲ್ಸ್‌ವರ್ದಿಗೆ ಇನ್ನೂ ಎರಡು ಅಂಕ ಉಳಿದಿವೆ.

ಮೂರನೆಯ ಅಂಕದ ಕೊನೆಯ ದೃಶ್ಯದಲ್ಲಿ ಒಂದು ಮಾತೂ ಇಲ್ಲ. ಕೋಣೆಯಲ್ಲಿ ಫಾಲ್ಡರ್ ಒಬ್ಬನೇ. ಗೂಡಿನ ಮೃಗದಂತೆ ಅತ್ತಿಂದಿತ್ತ ಸುಳಿದಾಡುತ್ತಾನೆ, ಕಿವಿಗೊಟ್ಟು ಆಲಿಸುತ್ತಾನೆ. ದೂರದಲ್ಲೆಲ್ಲೋ ಬಾಗಿಲು ಬಡಿಯುವ ಸದ್ದು ಎದ್ದು ಹತ್ತಿರ ಹತ್ತಿರ ಬರುತ್ತದೆ. ಕಡೆಗೆ ಅವನೂ ತನ್ನ ಬಾಗಿಲನ್ನು ಗುದ್ದತೊಡಗುತ್ತಾನೆ. ಮಾತಿನಿಂದಲೇ ಬದುಕುವ ವೃತ್ತಿಗೆ ತರಬೇತಾದ ಬ್ಯಾರಿಸ್ಟರನೊಬ್ಬನು ತನ್ನ ಅತ್ಯಂತ ಪ್ರಬಲವಾದ ವಾದವನ್ನು ಮಾತಿಲ್ಲದೆ ಮಂಡಿಸಿದನು. ಗಡುವಿಗೆ ಮುಂಚೆ ಬಿಡುಗಡೆಯಾದರೂ ಫಾಲ್ಡರನು ಸಮಾಜದಲ್ಲಿ ಕಾಲೂರಲಾರ. ಸುಳ್ಳು ಯೋಗ್ಯತಾಪತ್ರದಿಂದ ಕೆಲಸ ಹುಡುಕಿದ್ದಕ್ಕೆ ಮತ್ತೆ ಬಂಧನವಾಗುತ್ತದೆ. ತಪ್ಪಿಸಿಕೊಂಡು ಹಾರಿ ಪ್ರಾಣ ಬಿಡುತ್ತಾನೆ.

1910ರ ಫೆಬ್ರವರಿ 21ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ, ಗ್ರ್ಯಾನ್ವಿಲ್ ಬಾರ್ಕರನ ನಿರ್ದೇಶನದಲ್ಲಿ, ಈ ನಾಟಕ ಪ್ರದರ್ಶನಗೊಂಡಿತು. ಅದೇ ದಿನ ಗ್ಲ್ಯಾಸ್ಗೋ ನಗರದಲ್ಲಿಯೂ ಅದನ್ನು ಆಡಿದರು. ಅದೇ ತಿಂಗಳು ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ನಾಟಕವನ್ನು ನೋಡಿದನು. ಆ ವರ್ಷವೇ ಏಕಾಂತವಾಸದ ಅವಧಿ, ಮತ್ತೆ ಮತ್ತೆ ತಪ್ಪು ಮಾಡಿದವರ ಹೊರತು ಉಳಿದವರಿಗೆ, ಒಂದು ತಿಂಗಳಿಗೆ ಇಳಿಯಿತು. ಈ ಸುಧಾರಣೆಯನ್ನು ನಾಟಕವೊಂದೇ ಸಾಧಿಸಿತೆಂದರೆ ಅತಿಶಯೋಕ್ತಿ. ಗ್ಲ್ಯಾಡ್‌ಸ್ಟನ್ನನ ಕಾಲದಲ್ಲಿಯೇ ಮೊದಲ ಹೆಜ್ಜೆ ಇಟ್ಟಾಗಿತ್ತು. ಆದರೆ ಕಡತದಲ್ಲಿದ್ದ ಒಂದು ಅಂಕಿಯನ್ನು ಸಭಿಕರ ಎದೆಬಡಿತವಾಗಿ ಮಾಡಿದ್ದು ರಂಗಭೂಮಿ. ಕಾಯಿದೆಯನ್ನು ತಿದ್ದುವುದು ಶಾಸನಸಭೆ. ತಿದ್ದಬೇಕೆಂಬ ಸಂಕಟವನ್ನು ಜನರಲ್ಲಿ ಹುಟ್ಟಿಸಬಲ್ಲುದು ಕಲೆ.

ಮುಂದೆ ಕೀರ್ತಿ ತಾನಾಗಿ ಬಂದಿತು. 1918ರಲ್ಲಿ ನೀಡಬಂದ ‘ಸರ್’ ಪದವಿಯನ್ನು ಆತ ಒಲ್ಲೆನೆಂದನು. 1921ರಲ್ಲಿ ಲೇಖಕರ ಸಂಸ್ಥೆ ‘ಪೆನ್’ಗೆ ಮೊದಲ ಅಧ್ಯಕ್ಷನಾದನು. 1922ರಲ್ಲಿ ಬಂದ ‘ಲಾಯಲ್ಟೀಸ್’ ನಾಟಕದಲ್ಲಿ ಮತ್ತೆ ಕಳವು, ಮತ್ತೆ ನ್ಯಾಯಸ್ಥಾನ, ಜೊತೆಗೆ ಜನಾಂಗದ್ವೇಷ. 1932ರ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಲು ಹೋಗಲಾರದಷ್ಟು ಕಾಯಿಲೆಯಾಗಿತ್ತು. ಆ ಹಣವನ್ನೂ ಪೆನ್ ಸಂಸ್ಥೆಗೇ ಮೀಸಲಿಟ್ಟು, 1933ರ ಜನವರಿ 31ರಂದು ಕಣ್ಣು ಮುಚ್ಚಿದನು.

ಅವನ ನಾಟಕಗಳಲ್ಲಿ ಕಾವ್ಯದ ಹೊಳಪು ಕಡಿಮೆ, ತಕ್ಕಡಿಯ ತೂಕ ಹೆಚ್ಚು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಅವನು ತೋರಿಸಿದ್ದನ್ನು ನಾನು ಮರೆಯಲಾರೆ. ನ್ಯಾಯಸ್ಥಾನ ಕೇಳುವುದು ಏನು ನಡೆಯಿತೆಂದು. ಮುಂದೆ ಏನಾದೀತೆಂದು ಕೇಳುವುದು ಅದರ ಮುಖ್ಯ ಕೆಲಸವಲ್ಲ. ಆ ಕೆಲಸ ಸಮಾಜದ್ದು. ಸಮಾಜ ಅದನ್ನು ಮರೆತಾಗ ನೆನಪಿಸುವುದು ರಂಗಭೂಮಿಯ ಪಾಲಿಗೆ ಬರುತ್ತದೆ.

ಅಂದು ಕಟಕಟೆಯಲ್ಲಿ ನಿಂತಿದ್ದ ಹುಡುಗ ಈಗ ಎಲ್ಲಿರುವನೋ ಅರಿಯೆ. ನಾನು ಹೇಳಿದ ಸಾಕ್ಷಿ ಸತ್ಯವಾದುದು. ಇಂದು ಕರೆದರೂ ಅದನ್ನೇ ಹೇಳುವೆನು. ಆದರೆ ಅವನು ಬಿಡುಗಡೆಯಾಗಿ ಬಂದ ದಿನ ಯಾವ ಮನೆಯ ಬಾಗಿಲನ್ನು ತಟ್ಟಿದನೋ, ಯಾರು ತೆರೆದರೋ, ಎಂಬ ಪ್ರಶ್ನೆಯನ್ನು ನಾನು ಕೇಳಬೇಕಾಗಿತ್ತು.