ಡಾ. ಯಲ್ಲಾಪ್ರಗಡ ಸುಬ್ಬರಾವ್
ಆಂಧ್ರದ ಭೀಮವರಂನಲ್ಲಿ 1895ರ ಜನವರಿ 12ರಂದು ಜನಿಸಿದ ಸುಬ್ಬರಾಯರು ಕಡುಬಡತನದಲ್ಲಿ ಬೆಳೆದು, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೂರನೆಯ ಯತ್ನಕ್ಕೆ ತೇರ್ಗಡೆಯಾದರು. ರಕ್ತವನ್ನು ಬತ್ತಿಸುವ ಸ್ಪ್ರೂ ಎಂಬ ಕರುಳುಬೇನೆಗೆ ಅವರ ಇಬ್ಬರು ಸೋದರರು ಬಲಿಯಾದರು. ಮದರಾಸಿನಲ್ಲಿ ವೈದ್ಯವಿದ್ಯೆ ಮುಗಿಸಿ, 1923ರಲ್ಲಿ ಅಮೆರಿಕೆಗೆ ತೆರಳಿ, ಹಾರ್ವರ್ಡಿನಲ್ಲಿ ಜೀವರಸಾಯನ ಸಂಶೋಧನೆಗೆ ತೊಡಗಿದರು. 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರ ನೇತೃತ್ವದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಕೆಂಪು ರಕ್ತಕಣಗಳು ಬಲಿಯಲು ಬೇಕಾದ ಈ ಜೀವಸತ್ವವು ಸ್ಪ್ರೂ ರೋಗಿಗಳಿಗೂ ಮದ್ದಾಯಿತು. ಒಡಹುಟ್ಟಿದವರಿಗೆ ದೊರೆಯದ ಔಷಧ ಲೋಕಕ್ಕೆ ದೊರೆಯಿತು. 1948ರ ಆಗಸ್ಟಿನಲ್ಲಿ ಅವರು ಅಮೆರಿಕೆಯಲ್ಲೇ ಕಾಲವಾದರು. ಇಂದು ಪೀಣ್ಯದ ಕಾರ್ಮಿಕ ಕುಟುಂಬದ ಗರ್ಭಿಣಿಯು ಸರ್ಕಾರಿ ಆರೋಗ್ಯ ಕೇಂದ್ರದಿಂದ ಪಡೆಯುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಬೆರೆತಿದೆ. ಪರೀಕ್ಷೆಯಲ್ಲಿ ಸೋತು ಕುಗ್ಗಿದ ವಿದ್ಯಾರ್ಥಿಗೆ ಅವರ ಬಾಳು ಧೈರ್ಯ ತುಂಬಲಿ.